ಏರುವ ಗೇರಿನಲ್ಲೇ ಇಳಿಯಿರಿ

ದಾರಿ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಘಟ್ಟದ ದಾರಿ ಮತ್ತು ದ್ರಾಕ್ಷಿ ಸೀಮೆಯ ಪ್ರವಾಸಕ್ಕೆ ಸಂಬಂಧಿಸಿದವು. ಹುಬ್ಬಳ್ಳಿಯವರಿಗೆ ಇವೆರಡೂ ಒಂದೇ ಹೆದ್ದಾರಿಯಲ್ಲಿ ಸಿಗುತ್ತವೆ. ರಾಷ್ಟ್ರೀಯ ಹೆದ್ದಾರಿ 52 ಹಿಡಿದು ಉತ್ತರಕ್ಕೆ ಹೊರಟರೆ ವಿಜಯಪುರದ ದ್ರಾಕ್ಷಿ ತೋಟಗಳು. ಅದೇ ರಸ್ತೆಯಲ್ಲಿ ತಿರುಗಿ ಪಡುವಣಕ್ಕೆ ಹೊರಟರೆ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ, ಆಮೇಲೆ ಅಂಕೋಲೆಯ ಕಡಲು.

ಪ್ರಶ್ನೆ: ಹೊಸಾ ಕಾರು ತಗೊಂಡೇವ್ರಿ. ಊರಾಗ, ಬೆಳಗಾವಿ ಹೈವೇದಾಗ ಓಡಿಸಿ ರೂಢಿ ಆಗೇದ. ಮೊದಲನೇ ಸಲ ಘಟ್ಟಾ ಇಳದು ಗೋಕರ್ಣಕ್ಕ ಹೋಗಬೇಕಂತ ಮಾಡೇವಿ. ಅರಬೈಲ್ ಘಟ್ಟದಾಗ ಲಾರಿ ಭಾಳ ಅಂತಾರ. ಎಷ್ಟೊತ್ತಿಗೆ ಬಿಡಬೇಕು, ಯಾವ ಗೇರಿನ್ಯಾಗ ಇಳೀಬೇಕು?
(ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಬೆಳಿಗ್ಗೆ ಆರಕ್ಕೆ ಬಿಡಿ. ಯಲ್ಲಾಪುರ ಸುಮಾರು 70 ಕಿ.ಮೀ. ಅಲ್ಲಿ ಹಗುರವಾಗಿ ತಿಂಡಿ ತಿಂದು ಹೊರಟರೆ ಎಂಟೂವರೆ ಸುಮಾರಿಗೆ ಘಟ್ಟದ ತಲೆಯಲ್ಲಿರುತ್ತೀರಿ. ಆ ಹೊತ್ತಿಗೆ ಮಂಜು ಕರಗಿರುತ್ತದೆ, ಬಿಸಿಲು ಇನ್ನೂ ಕಣ್ಣಿಗೆ ಹೊಡೆಯುವುದಿಲ್ಲ. ರಾತ್ರಿ ಮತ್ತು ನಸುಕಿನ ಪ್ರಯಾಣ ಬೇಡವೇ ಬೇಡ. 2025ರ ಜನವರಿಯಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ ಒಯ್ಯುತ್ತಿದ್ದ ಲಾರಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಹತ್ತಿರ ಕಂದಕಕ್ಕೆ ಉರುಳಿ ಅಷ್ಟೊಂದು ಜನ ತೀರಿಕೊಂಡದ್ದು ನಸುಕಿನಲ್ಲೇ. ದಿನವೂ ಆ ದಾರಿಯಲ್ಲಿ ಓಡಾಡುವವರಿಗೇ ಕತ್ತಲಲ್ಲಿ ರಸ್ತೆಯ ಅಂಚು ತಿಳಿಯದಿದ್ದರೆ ಹೊಸಬರ ಪಾಡೇನು?

ಇನ್ನು ಗೇರು. ಆ ಏರನ್ನು ಹತ್ತುವಾಗ ಯಾವ ಗೇರು ಬೇಕಾಗುತ್ತದೋ ಅದೇ ಗೇರಿನಲ್ಲಿ ಇಳಿಯಿರಿ. ಅರಬೈಲಿನ ಕಡಿದಾದ ತಿರುವುಗಳಿಗೆ ಎರಡನೆಯದು, ನಡುವಿನ ಹದವಾದ ಇಳಿಜಾರಿಗೆ ಮೂರನೆಯದು ಸಾಕು. ಎರಡನೇ ಗೇರಿನಲ್ಲಿ 25ರಿಂದ 35 ಕಿ.ಮೀ. ವೇಗದಲ್ಲಿ ಎಂಜಿನ್ ಗುರ್ ಎಂದು ಏರುದನಿಯಲ್ಲಿ ಕೂಗುತ್ತದೆ. ಹೊಸಬರು ಈ ಸದ್ದಿಗೇ ಹೆದರಿ ಮೇಲಿನ ಗೇರಿಗೆ ಹಾಕುತ್ತಾರೆ. ಎಂಜಿನ್ ಸುತ್ತು ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆಗಿಂತ ಕೆಳಗಿರುವಷ್ಟು ಹೊತ್ತು ಎಂಜಿನ್‌ಗೆ ಏನೂ ಆಗುವುದಿಲ್ಲ. ಕಾರನ್ನು ಹಿಡಿದು ನಿಲ್ಲಿಸುತ್ತಿರುವ ಶಕ್ತಿಯೇ ಆ ಸದ್ದು. ಗೇರು ಇಳಿಸುವ ಕೆಲಸ ತಿರುವು ಬರುವ ಮೊದಲೇ ಮುಗಿದಿರಬೇಕು. ತಿರುವಿನ ನಡುವೆ ಕ್ಲಚ್ ಒತ್ತಿದರೆ ಆ ಎರಡು ಕ್ಷಣ ಎಂಜಿನ್ನಿನ ಹಿಡಿತ ತಪ್ಪಿ ಕಾರು ಮುಂದಕ್ಕೆ ಜಿಗಿಯುತ್ತದೆ. ಬ್ರೇಕಿನ ಮೇಲೆ ಕಾಲು ಇಟ್ಟುಕೊಂಡೇ ಇಳಿಯಬೇಡಿ. ವೇಗ ಹೆಚ್ಚಿತು ಅನಿಸಿದಾಗ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಟ್ಟುಬಿಡಿ.

ಲಾರಿಗಳ ವಿಷಯ: ಉದ್ದನೆಯ ಲಾರಿ ಯು ಆಕಾರದ ತಿರುವು ತಿರುಗಬೇಕಾದರೆ ಇಡೀ ರಸ್ತೆ ಬೇಕು. ಎದುರಿನಿಂದ ಬರುತ್ತಿದೆ ಎಂದು ಕಂಡ ಕೂಡಲೇ ತಿರುವಿಗೆ ಕಾರಿನ ಎರಡು ಮೂರು ಉದ್ದ ಮೊದಲೇ ನಿಂತುಬಿಡಿ. ಅದರ ಒಳಬದಿಯ ಸಂದಿಯಲ್ಲಿ ನುಸುಳಲು ಹೋಗಬೇಡಿ. ಲಾರಿಯ ಹಿಂಗಾಲಿ ಮುಂಗಾಲಿಗಿಂತ ಒಳಗೆ ಸರಿದು ಬರುತ್ತದೆ, ಚಾಲಕನಿಗೆ ಆ ಬದಿ ಕಾಣುವುದಿಲ್ಲ. ರಸ್ತೆ ಸಣ್ಣದಿದ್ದಲ್ಲಿ ಏರುತ್ತಿರುವ ವಾಹನಕ್ಕೆ ದಾರಿ ಬಿಡಬೇಕೆಂದು ಕೇಂದ್ರದ 2017ರ ಚಾಲನಾ ನಿಯಮಗಳೇ ಹೇಳುತ್ತವೆ. ಏರಿನಲ್ಲಿ ನಿಂತ ಭಾರದ ವಾಹನ ಮತ್ತೆ ಹೊರಡುವುದು ಕಷ್ಟ, ಇಳಿಯುವವರು ನಿಂತರೆ ಹೋಗುವುದೇನೂ ಇಲ್ಲ. ಬರುವಾಗ, ಅಂದರೆ ಏರುವಾಗ, ಮುಂದಿನ ಲಾರಿಗೂ ನಿಮಗೂ ನಡುವೆ ಕನಿಷ್ಠ ಎರಡು ಕಾರಿನಷ್ಟು ಜಾಗ ಇರಲಿ. ಅದು ಒಂದು ಹೆಜ್ಜೆ ಹಿಂದೆ ಉರುಳಿದರೂ ನಿಮಗೆ ತಗಲುವುದಿಲ್ಲ.

ಮಳೆಗಾಲದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವ ಹಿಂದಿನ ದಿನ ಉತ್ತರ ಕನ್ನಡ ಜಿಲ್ಲಾಡಳಿತದ ಪ್ರಕಟಣೆ ನೋಡಿಕೊಳ್ಳಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದದ್ದು ಘಟ್ಟದಲ್ಲಲ್ಲ, ಘಟ್ಟ ಇಳಿದ ಮೇಲೆ ನೀವು ಅಂಕೋಲೆಯಿಂದ ಗೋಕರ್ಣದ ಕಡೆ ಹೋಗುವ ಹೆದ್ದಾರಿ 66ರಲ್ಲೇ. ಹೊರಡಲು ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ಒಳ್ಳೆಯ ಕಾಲ. ಆಗ ಯಲ್ಲಾಪುರದಿಂದ ಬದಿಗೆ ಹೊರಳಿ ಬೇಡ್ತಿ ನದಿಯ ಮಾಗೋಡು ಜಲಪಾತವನ್ನೂ ತುಂಬಿದ ನೀರಿನಲ್ಲಿ ನೋಡಬಹುದು. ಅದಕ್ಕೆ ಅರ್ಧ ದಿನ ಬೇರೆಯೇ ತೆಗೆದಿಡಿ.

ಪ್ರಶ್ನೆ: ಜಾಂಬೋಟಿ ಮೇಲೆ ಚೋರ್ಲಾ ಘಟ್ಟ ಇಳಿಯುವಾಗ ಸುಟ್ಟ ವಾಸನೆ ಬಂತು. ಸ್ವಲ್ಪ ಹೊತ್ತಿಗೆ ಬ್ರೇಕ್ ಪೆಡಲ್ ಮೆತ್ತಗಾಗಿ ತಳದವರೆಗೂ ಹೋಯಿತು. ಅರ್ಧ ಗಂಟೆ ನಿಲ್ಲಿಸಿದ ಮೇಲೆ ಸರಿಯಾಯಿತು. ಮೆಕ್ಯಾನಿಕ್ ಆಯಿಲ್ ಟಾಪ್-ಅಪ್ ಮಾಡಿ ಕಳಿಸಿದ್ದಾರೆ. ಇಷ್ಟು ಸಾಕೇ?
(ಸಪ್ತಾಪುರ, ಧಾರವಾಡ)

ಉತ್ತರ: ಸಾಲದು. ತಣ್ಣಗಾದ ಮೇಲೆ ಪೆಡಲ್ ಸರಿಹೋಯಿತು ಎಂಬುದೇ ಮೋಸದ ಲಕ್ಷಣ. ತೊಂದರೆ ಇನ್ನೂ ಪೈಪಿನೊಳಗೆ ಇದೆ.

ಕಾರು, ಜನ, ಸಾಮಾನು ಸೇರಿ 1,400 ಕೆ.ಜಿ., ಘಟ್ಟದ ಇಳಿತ 400 ಮೀಟರ್ ಎಂದು ಹಿಡಿಯಿರಿ. ಅಷ್ಟು ಎತ್ತರದಿಂದ ಕೆಳಗೆ ಬರುವಾಗ ಎಲ್ಲಿಗಾದರೂ ಹೋಗಲೇಬೇಕಾದ ಶಕ್ತಿ ಸುಮಾರು 55 ಲಕ್ಷ ಜೂಲ್. ಹದಿನೇಳು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಶಾಖ ಅದು. ಕೆಳಗಿನ ಗೇರಿನಲ್ಲಿದ್ದರೆ ಇದರ ದೊಡ್ಡ ಪಾಲನ್ನು ಎಂಜಿನ್ ನುಂಗುತ್ತದೆ. ನಾಲ್ಕನೇ ಗೇರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದರೆ ಹೆಚ್ಚುಕಡಿಮೆ ಅಷ್ಟೂ ಅಂಗೈ ಅಗಲದ ನಾಲ್ಕು ಜಾಗಗಳಲ್ಲಿ, ಬ್ರೇಕ್ ಪ್ಯಾಡ್ ಮತ್ತು ಅದು ಹಿಡಿಯುವ ಚಕ್ರದ ಡಿಸ್ಕಿನ ನಡುವೆ, ಸೇರುತ್ತದೆ.

ಇಲ್ಲಿ ಎರಡು ಬೇರೆ ಬೇರೆ ಕೇಡುಗಳಿವೆ. ಪೆಡಲ್ ಗಟ್ಟಿಯಾಗಿಯೇ ಇದ್ದು ಎಷ್ಟು ಒತ್ತಿದರೂ ಕಾರು ನಿಲ್ಲದಿದ್ದರೆ ಪ್ಯಾಡ್ ಕಾದು ಹಿಡಿತ ಕಳೆದುಕೊಂಡಿದೆ ಎಂದರ್ಥ. ನಿಮ್ಮ ಹಾಗೆ ಪೆಡಲ್ ಮೆತ್ತಗಾಗಿ ಇಳಿದುಹೋದರೆ ಬ್ರೇಕ್ ಆಯಿಲ್ ಕುದಿದಿದೆ. ಕುದಿದಾಗ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಹಾಗಾಗಿ ಕಾಲಿನ ಒತ್ತಡವೆಲ್ಲ ಗುಳ್ಳೆಯನ್ನು ಹಿಸುಕುವುದಕ್ಕೇ ಮುಗಿದುಹೋಗಿ ಚಕ್ರಕ್ಕೆ ತಲುಪುವುದಿಲ್ಲ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ಆದರೆ ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಾ ಹೋಗುತ್ತದೆ. ನೂರಕ್ಕೆ ಮೂರೂಮುಕ್ಕಾಲು ಪಾಲಿನಷ್ಟು ನೀರು ಸೇರಿತೆಂದರೆ ಕುದಿಯುವ ಹಂತ 155 ಡಿಗ್ರಿಗೆ ಇಳಿದಿರುತ್ತದೆ. ಡಾಟ್ 3 ಆದರೆ 140. ಅದಕ್ಕೇ ಎರಡು ವರ್ಷಕ್ಕೊಮ್ಮೆ, ಎಷ್ಟೇ ಕಡಿಮೆ ಓಡಿಸಿರಲಿ, ಪೂರ್ತಿ ಬದಲಿಸಬೇಕು. ಮೇಲಿನ ಡಬ್ಬಿಗೆ ಹೊಸ ಆಯಿಲ್ ಸುರಿದರೆ ಚಕ್ರದ ಬಳಿ ಕೂತಿರುವ ಹಳೆಯ, ನೀರು ಕುಡಿದ ಆಯಿಲ್ ಹಾಗೇ ಉಳಿಯುತ್ತದೆ. ಕುದಿಯುವುದು ಅದೇ.

ನಾಲ್ಕೂ ಚಕ್ರದಲ್ಲಿ ಬ್ಲೀಡ್ ಮಾಡಿಸಿ, ಅಂದರೆ ಹಳೆಯ ಆಯಿಲ್ ಪೂರ್ತಿ ಹೊರಹಾಕಿಸಿ. ಹೊರಬರುವ ಕಡು ಕಂದು ಬಣ್ಣ ಹೋಗಿ ತಿಳಿ ಹಳದಿ ಬರುವ ತನಕ ಎದುರು ನಿಂತು ನೋಡಿ. ಪ್ಯಾಡಿನ ಮಂದ 3 ಮಿ.ಮೀ.ಗಿಂತ ಕಡಿಮೆ ಇದ್ದರೆ, ಮೇಲ್ಮೈ ಹೊಳೆಯುತ್ತಿದ್ದರೆ ಅದನ್ನೂ ಬದಲಿಸಿ. 70–80 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಿದರೆ ಡಿಸ್ಕನ್ನೂ ತೋರಿಸಬೇಕು.

ದಾರಿಯಲ್ಲಿ ಹೀಗಾದರೆ: ಪೆಡಲ್ಲನ್ನು ಬೇಗಬೇಗ ಪಂಪ್ ಮಾಡಿ, ಗೇರನ್ನು ಒಂದೊಂದೇ ಇಳಿಸಿ, ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿ ಹಿಡಿದೇ ಸ್ವಲ್ಪಸ್ವಲ್ಪ ಎಳೆಯಿರಿ. ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಜಾಮ್ ಆಗಿ ಕಾರು ತಿರುಗುತ್ತದೆ. ಎಂಜಿನ್ ಆರಿಸಬೇಡಿ, ಸ್ಟೀರಿಂಗ್ ಕಲ್ಲಾಗುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಕಣಿವೆಯ ಬದಿ ಬಿಟ್ಟು ಗುಡ್ಡದ ಬದಿಗೆ ಉಜ್ಜಿ ನಿಲ್ಲಿಸಿ. ನಿಂತ ಮೇಲೆ ಡಿಸ್ಕಿಗೆ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ. ಕಾದ ಬ್ರೇಕಿಗೆ ಹ್ಯಾಂಡ್‌ಬ್ರೇಕ್ ಹಾಕದೆ, ಮೊದಲ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಹೊರಡುವಾಗ ಆ ಕಲ್ಲನ್ನು ನಿಮ್ಮ ಕೈಯಿಂದಲೇ ಎತ್ತಿ ಚರಂಡಿಯಾಚೆ ಹಾಕಿ. ಘಟ್ಟದ ತಿರುವುಗಳಲ್ಲಿ ಬಿಟ್ಟುಹೋದ ಕಲ್ಲಿಗೆ ಸಿಕ್ಕಿ ರಾತ್ರಿ ಹೊತ್ತು ಬೈಕಿನವರು ಬೀಳುತ್ತಾರೆ.

ಪ್ರಶ್ನೆ: ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಡೀಸೆಲ್ ಉಳಿಯುತ್ತದೆ ಎನ್ನುತ್ತಾರೆ. ನಿಜವೇ?
(ರಾಣೆಬೆನ್ನೂರು)

ಉತ್ತರ: ಉಳಿಯುವುದಿಲ್ಲ. ಈಗಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನದ ಪೂರೈಕೆ ನಿಂತುಬಿಡುತ್ತದೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್ ಮಾಡಿದಿರೋ, ಎಂಜಿನ್ ಉಸಿರಾಡಲು ತನ್ನ ಪಾಲಿನ ಡೀಸೆಲ್ ಕುಡಿಯಲೇಬೇಕು. ಉಳಿತಾಯದ ಲೆಕ್ಕವೇ ತಲೆಕೆಳಗು. ನಿಮ್ಮೂರ ಮುಂದೆ ಹಾದುಹೋಗುವ ಹೆದ್ದಾರಿ 48ರಲ್ಲೇ, ಪುಣೆಯ ಕಾತ್ರಜ್ ಸುರಂಗದಿಂದ ನವಲೆ ಸೇತುವೆಗೆ ಇಳಿಯುವ ಇಳಿಜಾರಿನಲ್ಲಿ, 2022ರ ನವೆಂಬರಿನಲ್ಲಿ ಒಂದೇ ಲಾರಿ ನಲವತ್ತಕ್ಕೂ ಹೆಚ್ಚು ವಾಹನಗಳನ್ನು ಗುದ್ದುತ್ತಾ ಹೋಯಿತು. ಅಂದು ಪೊಲೀಸರು ಕೊಟ್ಟ ಕಾರಣ ಇದೇ: ಇಂಧನ ಉಳಿಸಲು ಎಂಜಿನ್ ಆರಿಸಿ ನ್ಯೂಟ್ರಲ್‌ನಲ್ಲಿ ಬಿಟ್ಟದ್ದು. ದಯವಿಟ್ಟು ಈ ಮಾತನ್ನು ನಿಮಗೆ ಗೊತ್ತಿರುವ ಲಾರಿ, ಟೆಂಪೊ ಚಾಲಕರಿಗೆಲ್ಲ ಹೇಳಿ.

ಪ್ರಶ್ನೆ: ನಮ್ಮದು ಕ್ಲಚ್ ಇಲ್ಲದ ಎಎಂಟಿ ಕಾರು. ಕಪ್ಪತಗುಡ್ಡದ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವಾಗ ಹಿಂದಕ್ಕೆ ಜಾರಿತು, ಮುಂದಿನ ಸಲ ವಾಸನೆಯೂ ಬಂತು. ಕಾರಿನಲ್ಲಿ ದೋಷವಿದೆಯೇ?
(ಬೆಟಗೇರಿ, ಗದಗ)

ಉತ್ತರ: ದೋಷವಲ್ಲ. ಎಎಂಟಿಯಲ್ಲಿ ಕ್ಲಚ್ ಇದೆ, ಒತ್ತುವ ಕೆಲಸ ಮಾತ್ರ ಯಂತ್ರದ್ದು. ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರ್ ಮೇಲಿಡುವ ಆ ಒಂದೆರಡು ಸೆಕೆಂಡಿನಲ್ಲಿ ಕ್ಲಚ್ ಇನ್ನೂ ಕೂಡಿಕೊಂಡಿರುವುದಿಲ್ಲ, ಕಾರು ಜಾರುತ್ತದೆ. ಏರಿನಲ್ಲಿ ನಿಂತಾಗ ಹ್ಯಾಂಡ್‌ಬ್ರೇಕ್ ಎಳೆಯಿರಿ. ಹೊರಡುವಾಗ ಮ್ಯಾನ್ಯುಯಲ್‌ಗೆ ಹಾಕಿ ಒಂದನೇ ಗೇರು ಹಿಡಿದು, ಆಕ್ಸಿಲರೇಟರ್ ಒತ್ತಿ ಕಾರು ಮುಂದಕ್ಕೆ ಎಳೆಯುತ್ತಿದೆ ಎನಿಸಿದಾಗ ಹ್ಯಾಂಡ್‌ಬ್ರೇಕ್ ಬಿಡಿ. ವಾಸನೆ ಬಂದದ್ದು ಆಕ್ಸಿಲರೇಟರ್ ಒತ್ತಿಯೇ ಕಾರನ್ನು ಏರಿನಲ್ಲಿ ನಿಲ್ಲಿಸಿಕೊಂಡದ್ದರಿಂದ. ಹಾಗೆ ಮಾಡಿದರೆ ಕ್ಲಚ್ ಪ್ಲೇಟ್ ಉಜ್ಜಿ ಸುಡುತ್ತದೆ. ಇಳಿಯುವಾಗಲೂ ಮ್ಯಾನ್ಯುಯಲ್‌ನಲ್ಲೇ ಎರಡನೇ ಗೇರು.

ಕಪ್ಪತಗುಡ್ಡದ ಮಾತು ಬಂದದ್ದರಿಂದ ಇನ್ನೊಂದು. 2019ರಿಂದ ಅದು ವನ್ಯಜೀವಿಧಾಮ. ಜನವರಿಯಿಂದ ಮಳೆ ಬರುವ ತನಕ ಅಲ್ಲಿನ ಹುಲ್ಲು ಒಣಗಿ ನಿಂತಿರುತ್ತದೆ. ಏರು ಹತ್ತಿ ಬಂದ ಕಾರಿನ ತಳದಲ್ಲಿರುವ ಹೊಗೆಕೊಳವೆ ಮತ್ತು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ನೂರಾರು ಡಿಗ್ರಿ ಕಾದಿರುತ್ತವೆ. ಮೊಳಕಾಲೆತ್ತರದ ಒಣಹುಲ್ಲಿನ ಮೇಲೆ ನಿಲ್ಲಿಸಿದರೆ ಕಿಡಿಯೇ ಬೇಕಿಲ್ಲ, ಹುಲ್ಲು ತಾಗಿಯೇ ಹೊತ್ತಿಕೊಳ್ಳಬಹುದು. ಗುಡ್ಡದ ಔಷಧಿ ಸಸ್ಯಗಳು ಸುಡುವುದಕ್ಕೆ ಅಷ್ಟು ಸಾಕು. ಬರಿ ನೆಲ ಅಥವಾ ಡಾಂಬರಿನ ಮೇಲೇ ನಿಲ್ಲಿಸಿ.

ಪ್ರಶ್ನೆ: ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯುವಾಗ ಮಗಳು, ಅತ್ತೆಯವರು ಇಬ್ಬರಿಗೂ ವಾಂತಿ. ಏನು ಮಾಡಬೇಕು?
(ಹಾನಗಲ್)

ಉತ್ತರ: ಅತ್ತೆಯವರನ್ನು ಮುಂದಿನ ಸೀಟಿಗೆ ಕೂಡಿಸಿ. ಮಗಳು ಹಿಂದಿನ ಸೀಟಿನ ನಡುವೆ ಬೆಲ್ಟ್ ಹಾಕಿ ಕೂತು ಮುಂದಿನ ರಸ್ತೆಯನ್ನೇ ನೋಡಲಿ, ಮೊಬೈಲ್ ಬೇಡ. ಕಣ್ಣು ನಿಂತದ್ದನ್ನು ನೋಡುತ್ತಿದ್ದು ಕಿವಿಯೊಳಗಿನ ಸಮತೋಲನದ ಅಂಗ ತಿರುಗುತ್ತಿದ್ದೇವೆ ಎಂದು ಹೇಳಿದಾಗ ಹೊಟ್ಟೆ ತೊಳಸುತ್ತದೆ. ಹೊರಡುವ ಮುಂಚೆ ಮಿರ್ಚಿ ಭಜಿ, ಗಿರ್ಮಿಟ್ ಬೇಡ, ಹಾಗೆಂದು ಖಾಲಿ ಹೊಟ್ಟೆಯೂ ಬೇಡ. ಎರಡು ಇಡ್ಲಿ ಸಾಕು. ವಾಂತಿ ಮಾತ್ರೆ ಕೊಡುವುದಾದರೆ ಡಾಕ್ಟರನ್ನು ಕೇಳಿ ಪ್ರಮಾಣ ತಿಳಿದುಕೊಂಡು, ಘಟ್ಟಕ್ಕೆ ಒಂದು ಗಂಟೆ ಮೊದಲೇ ಕೊಡಿ. ವಾಂತಿ ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲದು. ಆ ಮಾತ್ರೆಗಳಿಂದ ನಿದ್ದೆ ಬರುತ್ತದೆ, ಕಾರು ಓಡಿಸುವವರು ಮುಟ್ಟಬಾರದು.

ಪ್ರಶ್ನೆ: ಮಕ್ಕಳಿಗೆ ದ್ರಾಕ್ಷಿ ತೋಟ ತೋರಿಸಬೇಕು. ವಿಜಯಪುರದ ಕಡೆ ಯಾವಾಗ ಹೋದರೆ ಗೊನೆ ನೋಡಲು ಸಿಗುತ್ತವೆ? ಅಷ್ಟು ದ್ರಾಕ್ಷಿ ಬೆಳೆದರೂ ಅಲ್ಲಿ ಎಲ್ಲೆಡೆ ವೈನ್ ಏಕೆ ಮಾಡುವುದಿಲ್ಲ?
(ನವಲಗುಂದ)

ಉತ್ತರ: ಫೆಬ್ರುವರಿ ನಡುವಿನಿಂದ ಮಾರ್ಚ್ ಕೊನೆಯೊಳಗೆ ಹೋಗಿ. ನಿಮ್ಮೂರಿನಿಂದ ನರಗುಂದ, ಕುಳಗೇರಿ ಕ್ರಾಸ್, ಕೆರೂರು ದಾಟಿ ಕೊಲ್ಹಾರದಲ್ಲಿ ಕೃಷ್ಣೆಯ ಹಿನ್ನೀರಿನ ಉದ್ದನೆಯ ಸೇತುವೆ ಹಾಯ್ದರೆ ವಿಜಯಪುರ. ತಿಕೋಟಾ, ಬಬಲೇಶ್ವರ, ತಿಡಗುಂದಿ ಕಡೆ ಹೊರಳಿದರೆ ರಸ್ತೆಯ ಎರಡೂ ಬದಿಗೆ ಚಪ್ಪರ. ಈ ಸೀಮೆಯಲ್ಲಿ ಬಳ್ಳಿಗೆ ಚಳಿಯ ನಿದ್ದೆ ಇಲ್ಲದ್ದರಿಂದ ವರ್ಷಕ್ಕೆ ಎರಡು ಸಲ ಚಾಟ್ನಿ (ಬಳ್ಳಿ ಸವರುವುದು) ಮಾಡುತ್ತಾರೆ. ಏಪ್ರಿಲ್‌ನದು ಕಡ್ಡಿ ಬೆಳೆಯಲು, ಅಕ್ಟೋಬರ್‌ನದು ಹಣ್ಣಿಗೆ. ಅಕ್ಟೋಬರ್‌ನಲ್ಲಿ ಸವರಿದ ಬಳ್ಳಿ ನಾಲ್ಕು ತಿಂಗಳಿಗೆ ಕೊಯ್ಲಿಗೆ ಬರುತ್ತದೆ.

ಹೆಚ್ಚಿನದು ಥಾಮ್ಸನ್ ಸೀಡ್‌ಲೆಸ್ ಜಾತಿ, ಅದರಲ್ಲೂ ದೊಡ್ಡ ಪಾಲು ಒಣದ್ರಾಕ್ಷಿಗೆ. ಮಕ್ಕಳಿಗೆ ತೋಟಕ್ಕಿಂತ ಒಣಗಿಸುವ ಶೆಡ್ಡೇ ಹೆಚ್ಚು ಹಿಡಿಸುತ್ತದೆ. ಗೊನೆಗಳನ್ನು ಕ್ರೇಟಿನಲ್ಲಿ ಹಾಕಿ, ಲೀಟರಿಗೆ ಸುಮಾರು 25 ಗ್ರಾಂ ಪೊಟ್ಯಾಷಿಯಂ ಕಾರ್ಬೊನೇಟ್ ಮತ್ತು 15 ಮಿ.ಲೀ. ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಕೆಲವು ನಿಮಿಷ ಅದ್ದುತ್ತಾರೆ. ಹಣ್ಣಿನ ಮೇಲೆ ಬೂದಿ ಬಳಿದಂತೆ ಕಾಣುವ ಮೇಣದ ಪದರ ಇದರಿಂದ ಸಡಿಲವಾಗಿ, ಒಳಗಿನ ನೀರು ಹೊರಬರಲು ದಾರಿ ಆಗುತ್ತದೆ. ಆಮೇಲೆ ನೆರಳಿನ ಶೆಡ್ಡಿನೊಳಗೆ ಅಂತಸ್ತಂತಸ್ತಾಗಿ ಕಟ್ಟಿದ ಬಲೆಯ ಮೇಲೆ ಹರಡುತ್ತಾರೆ. ಎರಡು ಮೂರು ವಾರಕ್ಕೆ ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಒಣದ್ರಾಕ್ಷಿಯಾಗುತ್ತದೆ. ಅಷ್ಟರಲ್ಲಿ ಅಕಾಲ ಮಳೆ ಬಂತೆಂದರೆ ಹಸಿರು ಹೋಗಿ ಕಪ್ಪಾಗುತ್ತದೆ, ದರ ಕುಸಿಯುತ್ತದೆ. ಮೋಡ ಕವಿದ ದಿನ ಹೋದರೆ ಆ ಮನೆಯವರಿಗೆ ನಿಮ್ಮ ಜೊತೆ ಮಾತಾಡಲು ಪುರಸೊತ್ತಿರುವುದಿಲ್ಲ. ಅಂಥ ದಿನ ತೊಂದರೆ ಕೊಡಬೇಡಿ. ಯಾವ ದಿನವಾದರೂ ಕೇಳದೆ ಚಪ್ಪರದೊಳಗೆ ಹೋಗಬೇಡಿ, ಗೊನೆ ಕಿತ್ತು ಬಾಯಿಗೆ ಹಾಕಬೇಡಿ. ಔಷಧಿ ಹೊಡೆದು ಎಷ್ಟು ದಿನವಾಯಿತೆಂದು ಬೆಳೆಗಾರರಿಗೆ ಮಾತ್ರ ಗೊತ್ತು.

ವೈನ್ ಏಕಿಲ್ಲ ಎಂದರೆ, ತಿನ್ನುವ ದ್ರಾಕ್ಷಿ ವೈನಿಗೆ ಹೊಂದುವುದಿಲ್ಲ. ನಾವು ತಿನ್ನಲು ಇಷ್ಟಪಡುವುದು ದಪ್ಪ ಹಣ್ಣು, ತೆಳು ಸಿಪ್ಪೆ, ಬೀಜ ಇಲ್ಲದ್ದು. ಕೆಂಪು ವೈನಿನ ಬಣ್ಣವೂ ಒಗರೂ ಬರುವುದು ಸಿಪ್ಪೆ ಮತ್ತು ಬೀಜದಿಂದಲೇ. ಆದ್ದರಿಂದ ಶಿರಾಜ್, ಕಾಬರ್ನೆ ಸೊವಿನ್ಯೋನ್‌ನಂಥ ಸಣ್ಣ ಹಣ್ಣಿನ, ದಪ್ಪ ಸಿಪ್ಪೆಯ ಜಾತಿಗಳು ಬೇಕು. ಆ ಬಳ್ಳಿ ನೆಟ್ಟ ರೈತರಿಗೆ ವೈನರಿ ಕೊಳ್ಳದಿದ್ದರೆ ಬೇರೆ ಗಿರಾಕಿ ಇಲ್ಲ. ಥಾಮ್ಸನ್ ಬೆಳೆದವರು ಪೇಟೆಗೆ ಕಳಿಸಬಹುದು, ದರವಿಲ್ಲದಿದ್ದರೆ ಒಣಗಿಸಬಹುದು. ರೈತರ ಲೆಕ್ಕ ಸರಿಯಾಗಿಯೇ ಇದೆ.

ಪ್ರಶ್ನೆ: ನಾಲ್ಕು ಜನ ಗೆಳೆಯರು ಕಾರಿನಲ್ಲಿ ನಾಶಿಕಕ್ಕೆ ಹೋಗಿ ವೈನ್ ತೋಟ ನೋಡಬೇಕೆಂದಿದ್ದೇವೆ. ಟೇಸ್ಟಿಂಗ್‌ನಲ್ಲಿ ಕೊಡುವುದು ಸ್ವಲ್ಪವೇ ಅಲ್ಲವೇ, ಆಮೇಲೆ ಓಡಿಸಬಹುದೇ? ಬರುವಾಗ ನಾಲ್ಕಾರು ಬಾಟಲಿ ತರಬಹುದೇ?
(ಕೇಶ್ವಾಪುರ, ಹುಬ್ಬಳ್ಳಿ)

ಉತ್ತರ: ಎರಡಕ್ಕೂ ಉತ್ತರ ಬೇಡ ಎಂದೇ. ಮೊದಲನೆಯದಕ್ಕೆ ಲೆಕ್ಕ ಕೊಡುತ್ತೇವೆ.

ನಮ್ಮ ದೇಶದ ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಆಲ್ಕೋಹಾಲ್. 12.5 ಶೇಕಡಾದ 150 ಮಿ.ಲೀ. ವೈನ್, ಅಂದರೆ ಒಂದೇ ಗ್ಲಾಸಿನಲ್ಲಿ ಇರುವುದು ಸುಮಾರು 15 ಗ್ರಾಂ. 60 ಕೆ.ಜಿ. ತೂಕದ ಗಂಡಸಿನ ರಕ್ತದಲ್ಲಿ ಇದು ಸುಮಾರು 35 ಮಿ.ಗ್ರಾಂ ಮುಟ್ಟಬಹುದು. 50 ಕೆ.ಜಿ. ತೂಕದ ಹೆಂಗಸಿನಲ್ಲಿ 50 ದಾಟಬಹುದು. ಟೇಸ್ಟಿಂಗ್‌ನಲ್ಲಿ ತಲಾ 30 ಮಿ.ಲೀ.ನಂತೆ ಆರು ಬಗೆ ಕುಡಿದರೆ 180 ಮಿ.ಲೀ. ಆಯಿತು. 'ಸ್ವಲ್ಪವೇ' ಎಂದದ್ದು ಮಿತಿ ಮೀರಿತು. ದೇಹ ಇದನ್ನು ಕರಗಿಸುವುದು ಗಂಟೆಗೆ ಏಳರಿಂದ ಹತ್ತು ಗ್ರಾಂ ಲೆಕ್ಕದಲ್ಲಿ. ಕಾಫಿ ಕುಡಿದರೂ ತಲೆಗೆ ನೀರು ಹಾಕಿಕೊಂಡರೂ ಆ ವೇಗ ಹೆಚ್ಚುವುದಿಲ್ಲ. ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಡಿ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ನಾಲ್ವರಲ್ಲಿ ಒಬ್ಬರು ಆ ದಿನ ಮುಟ್ಟುವುದಿಲ್ಲ ಎಂದು ಹುಬ್ಬಳ್ಳಿಯಲ್ಲೇ ಗೊತ್ತು ಮಾಡಿಕೊಂಡು ಹೊರಡಿ, ಇಲ್ಲವೇ ಕಾರನ್ನು ನಾಶಿಕದ ವಸತಿಯಲ್ಲೇ ಬಿಟ್ಟು ಟ್ಯಾಕ್ಸಿ ಮಾಡಿ. ರುಚಿ ನೋಡಿ ಉಗುಳಲು ಅಲ್ಲಿ ಪಾತ್ರೆ ಕೇಳಿದರೆ ಕೊಡುತ್ತಾರೆ. ನಾಚಿಕೆಪಡುವ ಅಗತ್ಯವಿಲ್ಲ, ವೈನ್ ಮಾಡುವವರೂ ಹಾಗೇ ರುಚಿ ನೋಡುವುದು. ಬಿಳಿಯದು ಮೊದಲು, ಕೆಂಪು ಆಮೇಲೆ, ಸಿಹಿಯದು ಕೊನೆಗೆ. ಕ್ರಮ ತಪ್ಪಿದರೆ ಸಿಹಿಯ ಮೇಲೆ ಕುಡಿದದ್ದೆಲ್ಲ ಹುಳಿ ಎನಿಸುತ್ತದೆ.

ಬಾಟಲಿ ತರುವ ವಿಚಾರ ಬಿಡಿ. ನಾಶಿಕದ್ದಿರಲಿ, ಗೋವಾದ್ದಿರಲಿ, ಪರವಾನಗಿ ಇಲ್ಲದೆ ಹೊರರಾಜ್ಯದ ಮದ್ಯದೊಂದಿಗೆ ಗಡಿಯ ಅಬಕಾರಿ ತಪಾಸಣೆಯಲ್ಲಿ ಸಿಕ್ಕರೆ ಜಪ್ತಿಯಾಗುತ್ತದೆ, ಕೇಸಾಗಬಹುದು, ಕಾರೂ ಹೋಗಬಹುದು. ಅಲ್ಲದೆ ಮಾರ್ಚ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ವೈನ್ ಹಿಗ್ಗಿ ಬಿರಡೆಯನ್ನು ಮೇಲೆತ್ತುತ್ತದೆ, ಗಾಳಿ ಸೇರಿ ರುಚಿ ಕೆಡುತ್ತದೆ. ಇಷ್ಟವಾದ ವೈನಿನ ಹೆಸರು ಬರೆದುಕೊಂಡು ಬನ್ನಿ, ಇಲ್ಲಿನ ಅಂಗಡಿಯಲ್ಲಿ ಸಿಕ್ಕರೆ ಕೊಳ್ಳಿ.

ದಾರಿ: ಪುಣೆಯವರೆಗೆ ಹೆದ್ದಾರಿ 48, ಅಲ್ಲಿಂದ ನಾರಾಯಣಗಾಂವ್, ಸಂಗಮನೇರ್, ಸಿನ್ನರ್ ಮೇಲೆ ನಾಶಿಕ. ಎಲ್ಲ ಸೇರಿ 600 ಕಿ.ಮೀ.ಗಿಂತ ಹೆಚ್ಚು. ಒಂದೇ ದಿನದಲ್ಲಿ ಮುಗಿಸಲು ಹೋಗದೆ ಸಾತಾರಾದಲ್ಲಿ ಇಳಿದುಕೊಳ್ಳಿ. ಸಾತಾರಾ ದಾಟಿದ ಮೇಲೆ ಖಂಬಾಟಕಿಯ ಹಳೆಯ ಸುರಂಗದಿಂದ ಹೊರಬಂದ ಕೂಡಲೇ ಇಳಿಜಾರಿನಲ್ಲೇ ಎಸ್ ಆಕಾರದ ತಿರುವು ಇದೆ. ಸುರಂಗದೊಳಗೇ ವೇಗ ಇಳಿಸಿಕೊಳ್ಳಿ. ನಾಶಿಕದಲ್ಲಿ ಕೊಯ್ಲು ಜನವರಿಯಿಂದ ಮಾರ್ಚ್. ಗಂಗಾಪುರ ಅಣೆಕಟ್ಟಿನ ಬಳಿ, ದಿಂಡೋರಿ ಕಡೆ, ಇಗತ್ಪುರಿ ಕಡೆ ವೈನರಿಗಳಿವೆ. ಒಂದೊಂದು ಒಂದೊಂದು ದಿಕ್ಕು. ದಿನಕ್ಕೆ ಎರಡಕ್ಕಿಂತ ಹೆಚ್ಚು ನೋಡಲು ಹೋದರೆ ರಸ್ತೆಯಲ್ಲೇ ದಿನ ಕಳೆಯುತ್ತದೆ.

ಪ್ರಶ್ನೆ: ಎಲೆಕ್ಟ್ರಿಕ್ ಕಾರಿನಲ್ಲಿ ಘಟ್ಟ ಇಳಿಯುವಾಗ ಬೇರೆ ಎಚ್ಚರಿಕೆ ಬೇಕೇ?
(ಹಾವೇರಿ)

ಉತ್ತರ: ಒಂದೇ. ಘಟ್ಟದ ತಲೆಯಲ್ಲಿ ಬ್ಯಾಟರಿ ಪೂರ್ತಿ ತುಂಬಿರಬಾರದು. ಇಳಿಜಾರಿನಲ್ಲಿ ಮೋಟಾರು ಜನರೇಟರಿನಂತೆ ತಿರುಗಿ ಕಾರನ್ನು ತಡೆಯುತ್ತದೆ, ಆದರೆ ಆ ವಿದ್ಯುತ್ತು ಹೋಗಲು ಬ್ಯಾಟರಿಯಲ್ಲಿ ಜಾಗ ಬೇಕು. ನೂರಕ್ಕೆ ನೂರು ತುಂಬಿದ್ದರೆ ಆ ತಡೆ ಕಡಿಮೆಯಾಗಿ ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಶಿರಸಿಯಲ್ಲಿ ಚಾರ್ಜ್ ಮಾಡಿದರೆ 80–90ಕ್ಕೆ ನಿಲ್ಲಿಸಿ, ಮೋಟಾರಿನ ಈ ತಡೆಯ (ರೀಜೆನ್) ಮಟ್ಟವನ್ನು ಹೆಚ್ಚಿನದಕ್ಕಿಡಿ.

ಪ್ರಶ್ನೆ: ಮಗಳು, ಅಳಿಯ ಮೆಲ್ಬರ್ನ್‌ನಲ್ಲಿದ್ದಾರೆ. ಅಲ್ಲಿನ ಗ್ರೇಟ್ ಆಲ್ಪೈನ್ ರೋಡಿನಲ್ಲಿ ಮೂರು ದಿನದ ಪ್ರವಾಸ ಹಾಕಿದ್ದಾರೆ. ಜುಲೈನಲ್ಲಿ ಹೋಗುವುದೋ, ಏಪ್ರಿಲ್‌ನಲ್ಲೋ? ನಾನೂ ಸ್ವಲ್ಪ ಓಡಿಸಬಹುದೇ?
(ನಿವೃತ್ತ ಶಿಕ್ಷಕರು, ಮಾಳಮಡ್ಡಿ, ಧಾರವಾಡ)

ಉತ್ತರ: ಸರ್, ಏಪ್ರಿಲ್ ಕೊನೆಗೆ ಹೋಗಿ. ಅಲ್ಲಿ ಅದು ಎಲೆ ಬಣ್ಣ ತಿರುಗುವ ಕಾಲ, ಬ್ರೈಟ್ ಎಂಬ ಊರು ಅದಕ್ಕೇ ಹೆಸರುವಾಸಿ. ಜುಲೈ ಎಂದರೆ ಅಲ್ಲಿ ನಡುಚಳಿ. ಹಿಮದ ಋತು ಜೂನ್‌ನಿಂದ ಅಕ್ಟೋಬರ್ ಮೊದಲ ಭಾಗದವರೆಗೆ. ಆಗ ಟೂ-ವ್ಹೀಲ್-ಡ್ರೈವ್ (ಎಂಜಿನ್ ಎರಡೇ ಚಕ್ರಗಳನ್ನು ಎಳೆಯುವ) ಕಾರಿನಲ್ಲಿ ಚಕ್ರದ ಸರಪಳಿ ಇಟ್ಟುಕೊಂಡಿರುವುದು ಕಡ್ಡಾಯ. ಸೂಚನೆ ಕಂಡಲ್ಲಿ ಎಂಜಿನ್ ಎಳೆಯುವ ಚಕ್ರಗಳಿಗೆ ಕಟ್ಟಿ 40 ಕಿ.ಮೀ. ವೇಗದೊಳಗೆ ಓಡಿಸಬೇಕು. ಡೀಸೆಲ್ ಕಾರಾದರೆ ಬೆಟ್ಟದ ಬುಡದ ಊರಿನಲ್ಲೇ ಆಲ್ಪೈನ್ ಡೀಸೆಲ್ ತುಂಬಿಸಬೇಕು, ಮಾಮೂಲಿ ಡೀಸೆಲ್ ಕೊರೆಯುವ ಚಳಿಯಲ್ಲಿ ಮೇಣಗಟ್ಟಿ ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುತ್ತದೆ. ರಾತ್ರಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಹಾಕಿದರೆ ಬೆಳಿಗ್ಗೆ ಹೆಪ್ಪುಗಟ್ಟಿ ಬಿಡುವುದಿಲ್ಲ, ಗೇರಿನಲ್ಲೇ ಬಿಡುತ್ತಾರೆ. ಬಾಡಿಗೆ ಕಾರಾದರೆ ಹಿಮದಲ್ಲಿ ಓಡಿಸಲು ಅನುಮತಿ ಇದೆಯೇ ಎಂದು ಕರಾರಿನಲ್ಲಿ ಓದಿಸಿ ನೋಡಿ, ಎಷ್ಟೋ ಕಡೆ ಇರುವುದಿಲ್ಲ.

ರಸ್ತೆ ಸುಮಾರು 300 ಕಿ.ಮೀ., ವಾಂಗರಟ್ಟಾದಿಂದ ಬೇರ್ನ್ಸ್‌ಡೇಲ್‌ಗೆ. ಮೆಲ್ಬರ್ನ್‌ನಿಂದ ವಾಂಗರಟ್ಟಾ ಸುಮಾರು 250 ಕಿ.ಮೀ. ಹೆದ್ದಾರಿ. ಮೊದಲ ದಿನ ಮಿಲಾವಾ, ಮರ್ಟಲ್‌ಫರ್ಡ್ ನೋಡಿ ಬ್ರೈಟ್‌ನಲ್ಲಿ ಉಳಿಯಿರಿ. ಮಿಲಾವಾದ ಬ್ರೌನ್ ಬ್ರದರ್ಸ್ ವೈನರಿ 1889ರಿಂದ ಇದೆ. ಪಕ್ಕದ ಕಿಂಗ್ ಕಣಿವೆ ಒಂದು ಕಾಲಕ್ಕೆ ನಮ್ಮ ನಿಪ್ಪಾಣಿಯ ಹಾಗೆ ತಂಬಾಕಿನ ಸೀಮೆ. ಇಟಲಿಯಿಂದ ಬಂದ ಬೆಳೆಗಾರ ಕುಟುಂಬಗಳು ತಂಬಾಕು ಬಿಟ್ಟು ದ್ರಾಕ್ಷಿಗೆ ಬಂದರು, ಈಗ ಅದು ಪ್ರೊಸೆಕ್ಕೊ ವೈನಿಗೆ ಹೆಸರಾಗಿದೆ. ಎರಡನೇ ದಿನ ಹ್ಯಾರಿಯೆಟ್‌ವಿಲ್‌ನಿಂದ ಏರು ಶುರು. ಸುಮಾರು 30 ಕಿ.ಮೀ.ಯಲ್ಲಿ 1,300 ಮೀಟರ್ ಹತ್ತಿ ಮೌಂಟ್ ಹೋತಮ್ ಬಳಿ ರಸ್ತೆ 1,840 ಮೀಟರ್ ಮುಟ್ಟುತ್ತದೆ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930. ಓಮಿಯೋದಲ್ಲಿ ಉಳಿದು ಮೂರನೇ ದಿನ ಬ್ರೂಥೆನ್ ಮೇಲೆ ಬೇರ್ನ್ಸ್‌ಡೇಲ್‌ಗೆ ಇಳಿಯಿರಿ. ಸಂಜೆಗತ್ತಲಿಗೆ ಮೊದಲೇ ಊರು ಸೇರಿಕೊಳ್ಳಿ, ಆ ಹೊತ್ತಿಗೆ ಕಾಂಗರೂ, ವೊಂಬ್ಯಾಟ್ ರಸ್ತೆಗೆ ಬರುತ್ತವೆ.

ನೀವು ಓಡಿಸಬಹುದು. ಅಲ್ಲೂ ಎಡಬದಿಯ ಸಂಚಾರ, ನಿಮ್ಮ ಲೈಸೆನ್ಸ್ ಕಾರ್ಡಿನಲ್ಲಿ ಇಂಗ್ಲಿಷ್ ಇರುವುದರಿಂದ ಪ್ರವಾಸಿಗರಾಗಿ ನಡೆಯುತ್ತದೆ. ಆದರೂ ಬಾಡಿಗೆ ಕಾರಿನವರು ಅಂತರರಾಷ್ಟ್ರೀಯ ಪರ್ಮಿಟ್ ಕೇಳುವುದುಂಟು. ಅದನ್ನು ಹೊರಡುವ ಮುಂಚೆ ಧಾರವಾಡದ ಆರ್‌ಟಿಓದಲ್ಲೇ ಮಾಡಿಸಬೇಕು. ಪಾಸ್‌ಪೋರ್ಟ್, ವೀಸಾ, ಲೈಸೆನ್ಸ್ ಪ್ರತಿ ಜೊತೆಗೆ 4ಎ ನಮೂನೆ, ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಅಲ್ಲಿ ಕುಡಿತದ ಮಿತಿ 50 ಮಿ.ಗ್ರಾಂ, ಹೊಸ ಲೈಸೆನ್ಸಿನವರಿಗೆ ಸೊನ್ನೆ. ಹೋತಮ್‌ನಿಂದ ಓಮಿಯೋ ಕಡೆಗಿನ ಇಳಿತ ಉದ್ದದ್ದು. ಆಟೊಮ್ಯಾಟಿಕ್ ಕಾರಾದರೆ ಗೇರಿನ ಹಿಡಿಯನ್ನು ಡಿ (ಮಾಮೂಲಿ ಓಟ) ಇಂದ ಎಲ್ (ಕೆಳಗಿನ ಗೇರು) ಅಥವಾ ಎಂಗೆ (ಮ್ಯಾನ್ಯುಯಲ್) ಹಾಕುವುದು ಹೇಗೆಂದು ಮೆಲ್ಬರ್ನ್ ಬಿಡುವ ಮೊದಲೇ ಅಳಿಯನಿಂದ ಕೇಳಿ, ಸಮತಟ್ಟು ರಸ್ತೆಯಲ್ಲಿ ಒಂದೆರಡು ಸಲ ಮಾಡಿ ನೋಡಿಕೊಳ್ಳಿ.